ಕುಕ್ಕರುಗಾಲು ಕಿಟಕಿಯ ಮೇಸ್ತ್ರಿ

ಗಿಂಕಾಳ ಅಂಗಡಿಯಲ್ಲಿ ಗಿರಾಕಿಗಳಿಗೆ ಬಾಗಿಲಿರಲಿಲ್ಲ, ಕಿಟಕಿಯಿತ್ತು. ಅದೂ ನಿಂತವರ ಪಾದದ ಮಟ್ಟದಲ್ಲಿ. ಆರು ಮಹಡಿಯ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಕೋಣೆ. ರಸ್ತೆಯ ಕಡೆಯ ಗೋಡೆಯಲ್ಲಿ, ಕಾಲುದಾರಿಗಿಂತ ಒಂದು ಗೇಣು ಮೇಲೆ, ಅಡ್ಡಕ್ಕೆ ಉದ್ದವಾದ ಕಿಟಕಿ. ಬಂದವರು ಯಾರೇ ಆಗಲಿ, ಮಂಡಿ ಮಡಚಿ ಕುಕ್ಕರುಗಾಲಲ್ಲಿ ಕೂತು, ಕತ್ತು ಓರೆ ಮಾಡಿ ಒಳಗೆ ಇಣುಕಬೇಕು. ಪಾದ್ರಿ ನಿಲುವಂಗಿಯ ಅಂಚು ಎತ್ತಿಕೊಂಡು ಕೂರುತ್ತಿದ್ದರು. ಪುರಸಭೆಯ ದೊಡ್ಡ ಹೊಟ್ಟೆಯ ಗುಮಾಸ್ತ ಒಂದು ಕೈಯಿಂದ ಗೋಡೆ ಹಿಡಿದು ಕೂರುತ್ತಿದ್ದ.

"ಈ ಗಾಬ್ರೊವೊ ಊರಲ್ಲಿ ನನ್ನ ಮುಂದೆ ಬಗ್ಗದೋರು ಯಾರಿದ್ದಾರೆ ಹೇಳು, ಇಸ್ಕ್ರಾ," ಎಂದು ಗಿಂಕಾ ಕೇಳುತ್ತಿದ್ದಳು.

"ಬಾಯ್ ಮಿಂಚೊ," ಎಂದು ಗೆಳತಿ ಇಸ್ಕ್ರಾ ನೆನಪಿಸುತ್ತಿದ್ದಳು.

"ಅವನ ಹತ್ರ ಬೀಗದ ಕೈ ಇದೆ ಕಣೆ. ಬೀಗದ ಕೈ ಇರೋನು ಯಾಕೆ ಬಗ್ತಾನೆ?"

ಕಿಟಕಿಯ ನೆತ್ತಿಯ ಮೇಲೆ ಗಿಂಕಾ ತಾನೇ ಬಿಳಿ ಬಣ್ಣದಲ್ಲಿ ಬರೆದ ಎರಡು ಪದಗಳಿದ್ದವು: ಕಂಪ್ಯೂಟರ್ ಮೇಸ್ತ್ರಿ. ಹೊಸಬರು ಕೂತು ಇಣುಕಿ, ಒಳಗೆ ಬಿಳಿ ಜಡೆಯ ಹೆಂಗಸನ್ನು ಕಂಡು, "ಮೇಸ್ತ್ರಿ ಇಲ್ವಾ?" ಎನ್ನುತ್ತಿದ್ದರು. ಅವಳು ತಲೆ ಎತ್ತದೆ, "ಇದ್ದಾನಲ್ಲ, ಸ್ಕರ್ಟ್ ಹಾಕ್ಕೊಂಡು ಕೂತಿದ್ದಾನೆ. ಏನು ಕೆಟ್ಟಿದೆ ಹೇಳಿ," ಎನ್ನುತ್ತಿದ್ದಳು. ಅಲ್ಲಿಂದ ಮುಂದೆ ಯಾರಿಗೂ ಆ ಪ್ರಶ್ನೆ ಬರುತ್ತಿರಲಿಲ್ಲ.

ಈಗ ಆ ಕಿಟಕಿಗೆ ಒಳಗಿನಿಂದ ರಟ್ಟು ಒತ್ತಿದೆ. ಇಸ್ಕ್ರಾ ದಿನವೂ ಬ್ರೆಡ್ಡಿಗೆ ಹೋಗುವಾಗ ಅದರ ಮುಂದೆಯೇ ಹಾದುಹೋಗಬೇಕು. ಬೇರೆ ದಾರಿಯಿದೆ. ಆದರೂ ಹಾದುಹೋಗುತ್ತಾಳೆ.

*

ಒಲೆಯ ಶಾಖ ಹೊರಗೆ ಹೋಗದಿರಲೆಂದು, ಬೆಕ್ಕು ಒಳಗೆ ಬಂದಕೂಡಲೇ ಬಾಗಿಲು ಮುಚ್ಚಲು ಆಗಲೆಂದು, ಜಿಪುಣತನಕ್ಕೆ ಹೆಸರಾದ ಗಾಬ್ರೊವೊದವರು ಬೆಕ್ಕಿನ ಬಾಲ ಕತ್ತರಿಸುತ್ತಾರೆ ಎಂಬ ಮಾತು ದೇಶಕ್ಕೆಲ್ಲ ಗೊತ್ತು. ಊರಿನವರೂ ಅದನ್ನು ಹೇಳಿಕೊಂಡು ನಗುತ್ತಾರೆ. ಅಂಥ ಊರಿನಲ್ಲಿ ಕಂಪ್ಯೂಟರುಗಳ ಶಾಖವನ್ನು ಹೊರಗೆ ಹಾಕುವುದನ್ನೇ ಕಸುಬು ಮಾಡಿಕೊಂಡವಳು ಗಿಂಕಾ. ಅವಳ ಬೆಕ್ಕಿಗೆ ಪೂರ್ತಿ ಬಾಲವಿತ್ತು. ಚಳಿಗಾಲದಲ್ಲಿ ಅದು ಕಿಟಕಿಯ ಅಂಚಿನ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ, ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದಿತ್ತು.

ಅವಳ ಮೊದಲ ಕೆಲಸ ಒಂದು ದೊಡ್ಡ ಕಾರ್ಖಾನೆಯಲ್ಲಿ, ಕಂಪ್ಯೂಟರಿನ ಹಲಗೆಗಳಿಗೆ ಬೆಸುಗೆ ಹಾಕುವುದು. ಹತ್ತೊಂಬತ್ತು ವರ್ಷ ಹಾಕಿದಳು. ಕೆಲಸಗಾರರಿಗೆ ದರ್ಜೆಗಳಿದ್ದವು, ಆರನೆಯ ದರ್ಜೆಯ ಪರೀಕ್ಷೆ ಗೆದ್ದವರನ್ನು ಮೇಸ್ತ್ರಿ ಎನ್ನುತ್ತಿದ್ದರು. ಗಿಂಕಾ ಪರೀಕ್ಷೆಗೆ ಕೂತು ಒಂದೂ ತಪ್ಪಿಲ್ಲದೆ ಮುಗಿಸಿದಳು. ಸೇವಾ ಪುಸ್ತಕ ಕೈಗೆ ಬಂದಾಗ ಅದರಲ್ಲಿ ಐದನೆಯ ದರ್ಜೆ ಎಂದಿತ್ತು. ಪರೀಕ್ಷಾ ಸಮಿತಿಯ ಮುಖ್ಯಸ್ಥ ನಗುತ್ತಲೇ ಹೇಳಿದನಂತೆ: "ಹೆಂಗಸರ ಕೈ ಚುರುಕು, ಗಿಂಕಾ, ಅದನ್ನ ಯಾರೂ ಇಲ್ಲ ಅನ್ನಲ್ಲ. ಆದ್ರೆ ಮೇಸ್ತ್ರಿ ಅಂದ್ರೆ ಕೈ ಒಂದೇ ಅಲ್ಲವಲ್ಲ." ಪಕ್ಕದಲ್ಲಿ ಸಹಿ ಹಾಕಬೇಕಿತ್ತು. ಅವಳು ಹಾಕಲಿಲ್ಲ. ಸಹಿಯಿಲ್ಲದೆ ಬಡ್ತಿಯೂ ಇಲ್ಲ ಎಂದರು, ಬೇಡ ಎಂದಳು. ಕಾರ್ಖಾನೆ ಮುಚ್ಚಿದ ದಿನವೂ ಆ ಸಾಲಿನ ಮುಂದಿನ ಜಾಗ ಖಾಲಿಯಾಗಿಯೇ ಇತ್ತು. ಗಂಡ ಬಂದದ್ದೂ ಹೋದದ್ದೂ ಆ ವರ್ಷಗಳಲ್ಲೇ. ಅವನ ಬಗ್ಗೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಎರಡು ಚಳಿಗಾಲ ಇದ್ದ. ಎರಡೂ ಚಳಿಯೇ."

ಕಾರ್ಖಾನೆ ಹೋದ ಮೇಲೆ ನೆಲಮಾಳಿಗೆಯ ಈ ಕೋಣೆಯನ್ನು ಕಟ್ಟಡದ ಮನೆಮಾಲೀಕರಿಂದ ಬಾಡಿಗೆಗೆ ಹಿಡಿದಳು. ಬಣ್ಣದ ಡಬ್ಬಿ ಕೊಂಡು ತಂದು, ಮೊಟ್ಟಮೊದಲು ಬರೆದದ್ದು ಆ ಎರಡು ಪದ. ಒಳಗೆ ಮೇಜು ಕೂಡ ಇರಲಿಲ್ಲ ಆಗ.

ಇಸ್ಕ್ರಾ ಅದೇ ಕಟ್ಟಡದ ಮೂರನೆಯ ಮಹಡಿಯವಳು, ಶಾಲೆಯಲ್ಲಿ ಸಾಹಿತ್ಯ ಕಲಿಸಿ ನಿವೃತ್ತಳಾದವಳು. ಅವರ ಗೆಳೆತನ ಶುರುವಾದದ್ದು ಒಂದು ಲ್ಯಾಪ್‌ಟಾಪಿನಿಂದ. ಅದು ಬಾಣಲೆಯ ಹಾಗೆ ಕಾಯುತ್ತಿತ್ತು, ಫ್ಯಾನು ಊಳಿಡುತ್ತಿತ್ತು. ಇಸ್ಕ್ರಾ ಕುಕ್ಕರುಗಾಲಲ್ಲಿ ಕೂತು ಅದನ್ನು ಒಳಗೆ ಕೊಟ್ಟಳು. ಗಿಂಕಾ ಬಿಚ್ಚಿದಳು, ಶಾಖ ಹೀರುವ ತಾಮ್ರದ ತಟ್ಟೆ ಎತ್ತಿದಳು, ಸುಣ್ಣದಂತೆ ಒಣಗಿದ ಬೂದು ಪುಡಿಯನ್ನು ಬಟ್ಟೆಯಿಂದ ಒರೆಸಿದಳು. ಆಮೇಲೆ ಕಂಪ್ಯೂಟರಿನ ಮುಖ್ಯ ಚಿಪ್ಪಿನ ನಡುವೆ ಬಟಾಣಿಯಷ್ಟೂ ಅಲ್ಲ, ಅರ್ಧ ಬಟಾಣಿಯಷ್ಟು ಪೇಸ್ಟ್ ಇಟ್ಟಳು.

"ಅಷ್ಟೇನಾ?" ಎಂದಳು ಇಸ್ಕ್ರಾ.

"ಬ್ರೆಡ್ಡಿಗೆ ಬೆಣ್ಣೆ ಹಚ್ತಾ ಇದೀನಾ ನಾನು? ಚಿಪ್ಪೂ ತಾಮ್ರಾನೂ ಕಣ್ಣಿಗೆ ಕನ್ನಡಿ ಹಾಗೆ ಕಾಣ್ತವೆ. ಎರಡರಲ್ಲೂ ಹಳ್ಳ ದಿಣ್ಣೆ ಇದೆ. ಹಳ್ಳದಲ್ಲಿ ಗಾಳಿ ಕೂರುತ್ತೆ. ಗಾಳಿ ಅಂದ್ರೆ ಕಂಬಳಿ ಹೊದಿಸಿದ ಹಾಗೆ. ಪೇಸ್ಟ್ ಇರೋದು ಆ ಹಳ್ಳ ಮುಚ್ಚೋಕೆ, ಅಷ್ಟೇ. ಜಾಸ್ತಿ ಹಾಕಿದ್ರೆ ಅದೇ ಇನ್ನೊಂದು ಕಂಬಳಿ."

ಪಕ್ಕದ ಸಣ್ಣ ಚಿಪ್ಪುಗಳ ಮೇಲೆ ಅವಳು ಪೇಸ್ಟ್ ಹಚ್ಚಲಿಲ್ಲ. ರಬ್ಬರಿನ ಹಾಗೆ ಮೆತ್ತಗಿರುವ ಬೂದು ಹಾಳೆಯಿಂದ ಚೌಕಗಳನ್ನು ಕತ್ತರಿಸಿ ಒಂದೊಂದರ ಮೇಲೆ ಕೂರಿಸಿದಳು.

"ಇವಕ್ಕೆ ಯಾಕೆ ಪೇಸ್ಟ್ ಇಲ್ಲ?"

"ಇವು ಕುಳ್ಳ. ತಾಮ್ರ ಇವನ್ನ ಮುಟ್ಟೋದೇ ಇಲ್ಲ, ಮಧ್ಯೆ ಅರ್ಧ ಮಿಲಿಮೀಟರ್ ಸಂದಿ ಇದೆ. ಸಂದಿಗೆ ಪೇಸ್ಟ್ ಸುರಿದ್ರೆ ಹರಿದು ಹೋಗುತ್ತೆ. ಅದಕ್ಕೆ ಪ್ಯಾಡು. ಎಷ್ಟು ಸಂದಿಯೋ ಅಷ್ಟೇ ದಪ್ಪ, ಒಂದು ಕೂದಲು ಹೆಚ್ಚಿಲ್ಲ."

"ಹಾಗಾದ್ರೆ ಯಾವುದು ಒಳ್ಳೇದು, ಪೇಸ್ಟೋ ಪ್ಯಾಡೋ?"

ಗಿಂಕಾ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದಳು. "ಟೀಚರಮ್ಮ, ಕೈ ಹಿಡಿಯೋದು ಒಳ್ಳೇದೋ ಕಾಗದ ಬರೆಯೋದು ಒಳ್ಳೇದೋ? ಹತ್ತಿರ ಇರೋರ ಕೈ ಹಿಡೀತೀವಿ, ದೂರ ಇರೋರಿಗೆ ಕಾಗದ ಬರೀತೀವಿ. ಮುಟ್ಟೋ ಕಡೆ ಪೇಸ್ಟು, ಮುಟ್ಟದ ಕಡೆ ಪ್ಯಾಡು. ಇದರಲ್ಲಿ ಜಗಳ ಎಲ್ಲಿದೆ?"

ಇಸ್ಕ್ರಾ ಆ ಸಂಜೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದಳು. ಅದು ತಣ್ಣಗಿತ್ತು. ಮೂವತ್ತು ವರ್ಷ ಹೋಲಿಕೆಗಳನ್ನು ಪಾಠ ಮಾಡಿದ್ದ ಅವಳಿಗೆ ಅಷ್ಟು ನೇರವಾದ ಹೋಲಿಕೆ ಒಂದೂ ಸಿಕ್ಕಿರಲಿಲ್ಲ.

*

ಬಾಯ್ ಮಿಂಚೊ, ಅಂದರೆ ಮಿಂಚೊ ಅಣ್ಣ, ಆರನೆಯ ಮಹಡಿಯಲ್ಲಿದ್ದ. ಕಟ್ಟಡದ ಉಸ್ತುವಾರಿ ಅವನದೇ. ನೆಲಮಾಳಿಗೆಯ ಎಲ್ಲ ಬಾಗಿಲಿನ ಬೀಗದ ಕೈಗಳೂ ಅವನ ಸೊಂಟದಲ್ಲಿ. ಬಟ್ಟೆಯ ಗಿರಣಿಯಲ್ಲಿ ಗುಣಮಟ್ಟ ಪರೀಕ್ಷಕನಾಗಿದ್ದವನು. ಬಟ್ಟೆಯ ದಪ್ಪ ಅಳೆಯುವ, ಗಡಿಯಾರದಂಥ ಮುಖವಿದ್ದ ಸಣ್ಣ ಸಾಧನವೊಂದು ಇನ್ನೂ ಅವನ ಕೋಟಿನ ಜೇಬಿನಲ್ಲಿರುತ್ತಿತ್ತು. ಒಮ್ಮೆ ಮೆಟ್ಟಿಲ ಮೇಲೆ ಇಸ್ಕ್ರಾಳ ಹೊಸ ಕೋಟಿನ ಅಂಚನ್ನು ಅದರಲ್ಲಿ ಕಚ್ಚಿಸಿ, "ಮೋಸ ಹೋಗಿದ್ದೀರಿ," ಎಂದಿದ್ದ. ಅವಳು ಆ ಚಳಿಗಾಲವಿಡೀ ಅದನ್ನು ಹಾಕಲಿಲ್ಲ.

ಅವನು ಕೆಟ್ಟವನೆಂದು ಹೇಳಲಾಗದು. ಹೆಂಡತಿ ಸತ್ತ ಮೇಲೆ, ಅವಳು ಇದ್ದ ಹಳೆಯ ಫಿಲ್ಮುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಗೀರುಗಳನ್ನು ಅಳಿಸಿ, ಬಣ್ಣ ಸರಿಮಾಡುತ್ತಿದ್ದ. ಆ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡು ಹಗಲಿಡೀ ದುಡಿಯಬೇಕು. ಒಂದು ವಸಂತದಲ್ಲಿ ಅದು ಕಾಯತೊಡಗಿತು. ಅವನು ಒಳಬಾಗಿಲಿನಿಂದ ಬಂದು ಕಾರ್ಡನ್ನು ಗಿಂಕಾಳ ಮೇಜಿನ ಮೇಲಿಟ್ಟ. ಅವಳು ಹೊಸ ಪೇಸ್ಟ್ ಹಚ್ಚಿದಳು. ಪ್ಯಾಡುಗಳನ್ನು ಒತ್ತಿ ನೋಡಿ, "ಇವೂ ಒಣಗಿವೆ. ಅರ್ಧ ಮಿಲಿಮೀಟರಿನದು ನನ್ನ ಹತ್ರ ಮುಗಿದಿದೆ. ಮಂಗಳವಾರ ಬರುತ್ತೆ, ಆಗ ತಗೊಂಡು ಬನ್ನಿ. ಅಲ್ಲೀತನಕ ಹೆಚ್ಚು ದುಡಿಸಬೇಡಿ," ಎಂದಳು.

ಮಂಗಳವಾರ ಅವನು ಬರಲಿಲ್ಲ. ಮುಂದಿನ ಮಂಗಳವಾರವೂ ಬರಲಿಲ್ಲ. ಮೂರು ವಾರ ಕಳೆದ ಮೇಲೆ ಕಟ್ಟಡದ ಹಜಾರದ ಹಲಗೆಯ ಮೇಲೆ ಒಂದು ನೋಟೀಸು ಬಂತು. ಗುರುವಾರ ಸಂಜೆ ಆರಕ್ಕೆ ಮನೆಮಾಲೀಕರ ಸಭೆ. ಮೊದಲನೆಯ ವಿಷಯ: ಸೋರುವ ಮಾಡು. ಎರಡನೆಯ ವಿಷಯ: ನೆಲಮಾಳಿಗೆಯ ರಿಪೇರಿ ಅಂಗಡಿಯಲ್ಲಿ ಬೇಜವಾಬ್ದಾರಿ ಕೆಲಸ ನಡೆಯುತ್ತಿರುವುದರಿಂದ, ಆ ಕೋಣೆಯನ್ನು ಸೈಕಲ್ ಮತ್ತು ಮಕ್ಕಳ ಗಾಡಿ ಇಡಲು ಹಿಂಪಡೆಯುವುದು.

ಅದೇ ಮಧ್ಯಾಹ್ನ ಮಿಂಚೊ ಒಳಬಾಗಿಲು ತೆರೆದು ಬಂದು ಒಂದು ಕಾಗದ ಮುಂದಿಟ್ಟ. ಇಸ್ಕ್ರಾ ಅಲ್ಲೇ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು.

"ಕಾರ್ಡು ಸತ್ತಿದೆ. ಪರದೆ ತುಂಬ ನೇರಳೆ ಪಟ್ಟಿ," ಎಂದ ಅವನು. "ನಾನು ವಿಚಾರಿಸಿದೀನಿ. ಈ ಕಾಲದಲ್ಲಿ ಪೇಸ್ಟ್ ಯಾರೂ ಹಚ್ಚಲ್ಲವಂತೆ, ಎಲ್ಲಾ ಕಡೆ ಪ್ಯಾಡೇ ಅಂತೆ. ನೀವು ಹಚ್ಚಿ ಸುಟ್ರಿ."

"ಯಾರು ಹೇಳಿದ್ದು?"

"ತಿಳಿದೋರು. ನೋಡಿ ಗಿಂಕಾ, ನಾನು ನಿಮ್ಮ ಅನ್ನ ಕಿತ್ಕೊಳ್ಳೋಕೆ ಬಂದಿಲ್ಲ. ಇದಕ್ಕೆ ಸಹಿ ಹಾಕಿ. ಎರಡನೇ ವಿಷಯ ನಾನೇ ಹೊಡೆದು ಹಾಕ್ತೀನಿ. ಅಂಗಡಿ ನಿಮ್ಮದೇ."

ಗಿಂಕಾ ಕನ್ನಡಕ ಹಾಕಿಕೊಂಡು ಓದಿದಳು. ಎರಡೇ ಸಾಲು. ಕಾರ್ಡು ಹಾಳಾದದ್ದು ತನ್ನ ತಪ್ಪು ಕೆಲಸದಿಂದ ಎಂದು ಒಪ್ಪುತ್ತೇನೆ. ಕಿಟಕಿಯ ಮೇಲಿರುವ 'ಮೇಸ್ತ್ರಿ' ಎಂಬ ಪದವನ್ನು ಅಳಿಸುತ್ತೇನೆ.

"ಕಾರ್ಡು ತನ್ನಿ, ಬಿಚ್ಚಿ ನೋಡೋಣ," ಎಂದಳು.

"ಸಭೆಗೆ ತರ್ತೀನಿ. ಅದು ಸಾಕ್ಷಿ. ನಿಮ್ಮ ಕೈಗೆ ಈಗ ಕೊಡಲ್ಲ."

ಅವನು ಹೋದ, ಬೀಗದ ಕೈಗಳ ಸದ್ದು ಮೆಟ್ಟಿಲು ಹತ್ತಿತು. ಆಮೇಲೆ ಇಸ್ಕ್ರಾ ಹೇಳಿದ ಮಾತು ಇವತ್ತಿಗೂ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿದೆ.

"ಹಾಕಿಬಿಡೇ. ಒಂದು ಸಹಿ ತಾನೆ. ಅಂಗಡಿ ಹೋದ್ರೆ ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತೀಯ? ಪದ ಅಳಿಸಿದ್ರೆ ಏನಾಗುತ್ತೆ, ಬರೋರಿಗೆಲ್ಲ ನೀನು ಯಾರು ಅಂತ ಗೊತ್ತಿದೆ."

ಗಿಂಕಾ ಕೋಪ ಮಾಡಿಕೊಳ್ಳಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಕುಂಟುತ್ತಿದ್ದ ಮೇಜಿನ ಕಾಲಿನ ಕೆಳಗೆ ತುರುಕಿದಳು. ಮೇಜನ್ನು ಅಲ್ಲಾಡಿಸಿ ನೋಡಿದಳು.

"ನೋಡು, ಸಂದಿ ಎಷ್ಟಿತ್ತೋ ಅಷ್ಟೇ ದಪ್ಪ," ಎಂದಳು. "ಕಾರ್ಖಾನೇಲಿ ಹಾಕದ ಸಹೀನ ಈ ಮಿಂಚೊಗೆ ಹಾಕ್ತೀನಾ? ಸೈಕಲ್ ಇಟ್ಕೊಳ್ಲಿ. ರಸ್ತೆ ಮೇಲೆ ಸ್ಟೂಲ್ ಹಾಕ್ಕೊಂಡು ಕೂರ್ತೀನಿ, ಆಗ ಜನ ಬಗ್ಗೋದೂ ಬೇಡ. ಪದ ಮಾತ್ರ ಕತ್ತಿಗೆ ಕಟ್ಕೊಂಡು ಕೂರ್ತೀನಿ."

"ಹಟ ಮಾಡಬೇಡ."

"ಹಟ ಅಲ್ಲ ಇಸ್ಕ್ರಾ. ನನ್ನ ಹತ್ರ ಇರೋದು ಅದೊಂದೇ."

*

ಗುರುವಾರ ಸಂಜೆ ಹಜಾರದಲ್ಲಿ ಇಪ್ಪತ್ತು ಜನ ಸೇರಿದ್ದರು. ಕೆಲವರು ಸ್ಟೂಲು ತಂದಿದ್ದರು, ಉಳಿದವರು ಮೆಟ್ಟಿಲ ಮೇಲೆ. ಎರಡನೆಯ ಮಹಡಿಯ ಟ್ಯಾಕ್ಸಿ ಓಡಿಸುವ ಟೋಟ್ಯೊ ಸೂರ್ಯಕಾಂತಿ ಬೀಜ ಸುಲಿದು ಸಿಪ್ಪೆಯನ್ನು ಟೋಪಿಯೊಳಗೆ ಹಾಕುತ್ತಿದ್ದ. ಸೋರುವ ಮಾಡಿನ ವಿಷಯ ಅರ್ಧ ಗಂಟೆ ನಡೆದು, ಮುಂದಿನ ಸಭೆಗೆ ಹೋಯಿತು.

ಮಿಂಚೊ ಎರಡನೆಯ ವಿಷಯ ಓದಿದ. ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಗಿಂಕಾ ಎದ್ದು ನಿಂತಳು. ಕೈಯಲ್ಲಿ ಒಂದು ಸ್ಕ್ರೂಡ್ರೈವರು, ಭುಜದ ಮೇಲೆ ಒಗೆದು ಇಸ್ತ್ರಿ ಮಾಡಿದ ಬಿಳಿ ಟವೆಲು.

"ಕೊಡಿ ಇಲ್ಲಿ."

"ಸತ್ತ ಮೇಲೆ ಏನ್ ನೋಡೋದು?"

"ಸತ್ತೋರ ಮುಖ ಕೊನೇ ಸಲ ನೋಡಲ್ವಾ, ಬಾಯ್ ಮಿಂಚೊ? ಎಲ್ಲರ ಎದುರಿಗೇ ನೋಡೋಣ."

"ಕೊಡಪ್ಪಾ, ಕೊಡು," ಎಂದ ಟೋಟ್ಯೊ. "ಲೆಲ್ಯೊ ಗಿಂಕಾ ಏನು ಅದನ್ನ ತಿಂದುಬಿಡ್ತಾಳಾ?" ಕಟ್ಟಡದ ಕಿರಿಯರಿಗೆಲ್ಲ ಅವಳು ಲೆಲ್ಯೊ, ಅತ್ತೆ.

ಅಂಚೆಪೆಟ್ಟಿಗೆಗಳ ಕೆಳಗಿನ ಕಟ್ಟೆಯ ಮೇಲೆ ಟವೆಲು ಹಾಸಿ, ಅವಳು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದಳು. ಇಸ್ಕ್ರಾ ಪಕ್ಕದಲ್ಲಿ ನಿಂತಿದ್ದಳು. ತಾಮ್ರದ ತಟ್ಟೆ ಎದ್ದಿತು.

ಗಿಂಕಾ ಬಗ್ಗಿ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು, "ಬನ್ನಿ, ಎಲ್ರೂ ಬಂದು ನೋಡಿ. ಮಿಂಚೊ, ಮೊದಲು ನೀವು," ಎಂದಳು.

ನಡುವಿನ ದೊಡ್ಡ ಚಿಪ್ಪಿನ ಮೇಲೆ ಪೇಸ್ಟ್ ಕಡೆದ ಕೆನೆಯ ಹಾಗೆ ಮೊನೆ ಮೊನೆಯಾಗಿ ಎದ್ದು ನಿಂತು, ಹಾಗೆಯೇ ಒಣಗಿತ್ತು.

"ಈ ಪೇಸ್ಟ್ ನಂದು. ನಾನು ಮುಚ್ಚಿದಾಗ ಇದು ಕಾಗದದ ಹಾಗೆ ಚಪ್ಪಟೆ ಆಗಿತ್ತು. ಯಾರೋ ಆಮೇಲೆ ತಟ್ಟೆ ಎತ್ತಿದಾರೆ. ಎತ್ತಿದಾಗ ಪೇಸ್ಟ್ ಹೀಗೆ ಮೊನೆ ಏಳುತ್ತೆ. ಮತ್ತೆ ಇಟ್ಟಾಗ ತಾಮ್ರ ಇದನ್ನ ಒತ್ತಬೇಕಿತ್ತು. ಒತ್ತಿಲ್ಲ. ಮುಟ್ಟೇ ಇಲ್ಲ. ಯಾಕೆ ಮುಟ್ಟಿಲ್ಲ?"

ಅವಳು ಉಗುರಿನಿಂದ ಸಣ್ಣ ಚಿಪ್ಪೊಂದರ ಮೇಲಿನ ಪ್ಯಾಡ್ ಕಿತ್ತಳು. ಹಳೆಯ ಬೂದು ಬಣ್ಣದ್ದಲ್ಲ, ನೀಲಿ, ಕೊಬ್ಬಿದ ತುಂಡು. ಅದರ ಅಡಿಯಲ್ಲಿ ಚಿಪ್ಪಿನ ಅಕ್ಷರಗಳು ಉಲ್ಟಾ ಒತ್ತಿಕೊಂಡಿದ್ದವು.

"ಇಸ್ಕ್ರಾ, ನಿನ್ನ ಕೈಚೀಲದಲ್ಲಿ ಕನ್ನಡಿ ಇದೆಯಲ್ಲ? ಓದು."

ಇಸ್ಕ್ರಾ ಪ್ಯಾಡಿನ ಅಡಿಗೆ ಕನ್ನಡಿ ಹಿಡಿದು, ಅದರಲ್ಲಿ ಕಂಡ ಅಕ್ಷರ, ಅಂಕಿಗಳನ್ನು ಗಟ್ಟಿಯಾಗಿ ಓದಿದಳು, ತರಗತಿಯಲ್ಲಿ ಓದುತ್ತಿದ್ದ ದನಿಯಲ್ಲೇ. ಚಿಪ್ಪಿನ ಮೇಲಿದ್ದವುಗಳಿಗೆ ಅವು ಒಂದೂ ತಪ್ಪದೆ ಸರಿಹೊಂದಿದವು.

"ಪೇಸ್ಟ್ ಒರೆಸಿದ್ರೆ ಹೋಯ್ತು. ಪ್ಯಾಡ್ ಹಾಗಲ್ಲ, ತನ್ನನ್ನ ಯಾರು ಎಷ್ಟು ಜೋರಾಗಿ ಒತ್ತಿದ್ರು ಅಂತ ನೆನಪು ಇಟ್ಕೊಂಡಿರುತ್ತೆ," ಎಂದಳು ಗಿಂಕಾ. "ಈಗ, ಬಾಯ್ ಮಿಂಚೊ, ನೀವು ನಲವತ್ತು ವರ್ಷ ಬಟ್ಟೆ ಅಳೆದೋರು. ನಾನು ಅಳೆದ್ರೆ ನೀವು ನಂಬಲ್ಲ. ಜೇಬಲ್ಲಿರೋದನ್ನ ತೆಗೀರಿ. ನೀವೇ ಅಳೀರಿ."

ಟೋಟ್ಯೊ ಬೀಜ ಸುಲಿಯುವುದನ್ನು ನಿಲ್ಲಿಸಿದ. ಮಿಂಚೊ ಹಿಂಜರಿದ. ಆದರೆ ಅಳತೆಯ ಸಾಧನ ಕೈಗೆ ಬಂದಕೂಡಲೇ ಅವನು ಬೇರೆಯೇ ಮನುಷ್ಯನಾದ: ಕನ್ನಡಕ ಸರಿಮಾಡಿಕೊಂಡ, ನೀಲಿ ತುಂಡನ್ನು ಕಚ್ಚಿಸಿದ, ಮುಳ್ಳು ನಿಲ್ಲುವ ತನಕ ಕಾದ, ಇನ್ನೊಂದು ಮೂಲೆಯಲ್ಲೂ ಅಳೆದ. ಆ ಗಿರಣಿಯಲ್ಲಿ ಅವನು ಯಾವತ್ತೂ ಸುಳ್ಳು ಅಳತೆ ಬರೆದವನಲ್ಲ.

"ಒಂದೂ ಮುಕ್ಕಾಲು ಮಿಲಿಮೀಟರ್," ಎಂದ, ತಗ್ಗಿದ ದನಿಯಲ್ಲಿ.

"ಒತ್ತಿ ಕೂತ ಮೇಲೂ ಒಂದೂ ಮುಕ್ಕಾಲು. ಅಂದ್ರೆ ಕೊಂಡಾಗ ಎರಡು. ಬೇಕಾಗಿದ್ದು ಅರ್ಧ. ನಾಲ್ಕು ಮೂಲೇಲಿ ಮಂಚಕ್ಕೆ ಇಟ್ಟಿಗೆ ಕೊಟ್ಟ ಹಾಗೆ ಆಗಿದೆ, ತಾಮ್ರ ಮೇಲಕ್ಕೆದ್ದು ನಡುವಿನ ಚಿಪ್ಪು ಗಾಳೀಲಿ ಬೆಂದಿದೆ. ಮಂಗಳವಾರ ಬನ್ನಿ ಅಂದಿದ್ದೆ. ನೀವು ಬರಲಿಲ್ಲ. ಪ್ಯಾಡ್ ನೀವೇ ಕೊಂಡ್ರಾ?"

"ಕೆಳಗಿನ ಮಾರ್ಕೆಟ್ಟಲ್ಲಿ ಸಿಕ್ತು," ಎಂದ ಮಿಂಚೊ. "ಬದಲಾಯಿಸಬೇಕು ಅಂತ ನೀವೇ ಹೇಳಿದ್ರಿ."

"ಅರ್ಧ ಮಿಲಿಮೀಟರ್ ಅಂತಲೂ ಹೇಳಿದ್ದೆ. ಅಲ್ಲಿ ಅರ್ಧದ್ದು ಇರಲಿಲ್ವಾ?"

"ಇತ್ತು."

"ಮತ್ತೆ ಯಾಕೆ ಎರಡರದ್ದು ತಗೊಂಡ್ರಿ?"

ಮಿಂಚೊ ಕಿವಿಯ ತನಕ ಕೆಂಪಾದ. ಕತ್ತು ಆ ಕಡೆ ಈ ಕಡೆ ತಿರುಗಿಸಿದ. ಕೊನೆಗೆ, ಅಳತೆ ಹೇಳಿದಷ್ಟೇ ಪ್ರಾಮಾಣಿಕವಾಗಿ ಹೇಳಿದ:

"ಅರ್ಧಕ್ಕೂ, ಒಂದಕ್ಕೂ, ಎರಡಕ್ಕೂ ಒಂದೇ ಬೆಲೆ ಇತ್ತು."

ಒಂದು ಉಸಿರಿನಷ್ಟು ಹೊತ್ತು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಟೋಟ್ಯೊ ಟೋಪಿ ಬೀಳಿಸಿದ, ಸಿಪ್ಪೆಯೆಲ್ಲ ನೆಲಕ್ಕೆ ಚೆಲ್ಲಿತು. ಹಜಾರವಿಡೀ ನಗೆಯಲ್ಲಿ ಮುಳುಗಿತು. ಅಂಚೆಪೆಟ್ಟಿಗೆಯ ತಗಡು ಕೂಡ ಗಲಗಲ ಎಂದಿತು.

"ಸರಿಯಾಗೇ ಮಾಡಿದೀಯ ಬಾಯ್ ಮಿಂಚೊ!" ಎಂದು ಟೋಟ್ಯೊ ಕಣ್ಣೊರೆಸಿಕೊಂಡ. "ಒಂದೇ ದುಡ್ಡಿಗೆ ನಾಲ್ಕು ಪಟ್ಟು ಮಾಲು! ನಾನಾಗಿದ್ರೂ ದಪ್ಪದ್ದೇ ತಗೋತಿದ್ದೆ!"

"ತೆಳ್ಳಗಿದ್ದು ತಗೊಂಡಿದ್ರೆ ಇವನನ್ನ ಊರಿಂದಾಚೆ ಹಾಕ್ತಿದ್ರು," ಎಂದಿತು ಮೆಟ್ಟಿಲ ಮೇಲಿನ ಒಂದು ಮುದುಕಿ ದನಿ.

ಎಲ್ಲರೂ ನಕ್ಕರು, ಇಸ್ಕ್ರಾಳೂ ನಕ್ಕಳು. ಗಿಂಕಾ ಮಾತ್ರ ನಗಲಿಲ್ಲ. ಅವಳು ಟವೆಲಿನ ಅಂಚನ್ನು ಎತ್ತಿ ಕಾರ್ಡಿನ ಮೇಲೆ ಮುಚ್ಚಿದಳು. ನಗೆ ತಾನಾಗಿ ತಗ್ಗಿತು. ಅದರಲ್ಲಿ ಮಿಂಚೊನ ಹೆಂಡತಿಯ ಫಿಲ್ಮುಗಳು ಓಡುತ್ತಿದ್ದವೆಂದು ಎಲ್ಲರಿಗೂ ಗೊತ್ತಿತ್ತು.

"ಫಿಲ್ಮು ಹೋಗಿಲ್ಲ," ಎಂದಳು ಅವಳು, ಅವನೊಬ್ಬನಿಗೆ ಕೇಳುವಷ್ಟು. "ಅವು ಡಿಸ್ಕಲ್ಲಿರ್ತವೆ, ಇದರಲ್ಲಲ್ಲ. ಹೆದರಬೇಡಿ." ಆಮೇಲೆ ದನಿಯೇರಿಸಿ, "ಈಗ ನನ್ನ ಮಾತು. ಅಂಗಡಿ ಬೇಕು ಅಂತ ನಾನು ಯಾರ ಕಾಲಿಗೂ ಬೀಳಲ್ಲ. ಸೈಕಲ್ ಇಡಬೇಕು ಅನ್ನೋರು ಕೈ ಎತ್ತಿ. ಆದ್ರೆ ಆ ನೋಟೀಸಲ್ಲಿ ಬೇಜವಾಬ್ದಾರಿ ಕೆಲಸ ಅಂತ ಬರೆದಿದೆ. ಆ ಪದ ಹೊಡೆದುಹಾಕೋ ತನಕ ನಾನು ಈ ಹಜಾರ ಬಿಟ್ಟು ಕದಲಲ್ಲ. ಅಂಗಡಿ ಇದ್ದರೂ ಅಷ್ಟೇ, ಹೋದರೂ ಅಷ್ಟೇ."

ಯಾರೂ ಕೈ ಎತ್ತಲಿಲ್ಲ. ಮಿಂಚೊ ನೋಟೀಸಿನ ಬಳಿ ಹೋಗಿ, ಪೆನ್ನಿನಿಂದ ಎರಡನೆಯ ವಿಷಯವನ್ನು ಅಡ್ಡಕ್ಕೆ ಗೀಚಿದ. ಆಮೇಲೆ ಮೆಟ್ಟಿಲು ಹತ್ತಿ ಹೋದ.

ಹತ್ತು ದಿನ ಅವನು ಯಾರ ಕಣ್ಣಿಗೂ ಬೀಳಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ, ಇಸ್ಕ್ರಾ ಅಂಗಡಿಯ ಒಳಗೆ ಕೂತಿದ್ದಾಗ, ಕಿಟಕಿಯಾಚೆ ಉಜ್ಜಿ ಹೊಳಪು ಕೊಟ್ಟ ಒಂದು ಜೊತೆ ಕಂದು ಬೂಟು ಬಂದು ನಿಂತವು. ನಿಂತೇ ಇದ್ದವು. ಆಮೇಲೆ ಎರಡು ಮಂಡಿಗಳು ಒಣಕಡ್ಡಿ ಮುರಿದಂತೆ ಲಟಕ್ಕೆಂದು ಮಡಚಿಕೊಂಡವು. ಕೋಟು ಕಂಡಿತು, ಕೊರಳಪಟ್ಟಿ ಕಂಡಿತು, ಕೊನೆಗೆ ಮಿಂಚೊನ ಮುಖ. ಬೀಗದ ಕೈಗಳ ಗೊಂಚಲು ಕಾಲುದಾರಿಯ ಕಲ್ಲಿಗೆ ತಗುಲಿ ಸದ್ದು ಮಾಡಿತು.

"ಮೇಸ್ತ್ರಿ ಇದ್ದಾರಾ?" ಎಂದು ಕೇಳಿದ.

ಗಿಂಕಾ ತಲೆ ಎತ್ತಲಿಲ್ಲ. "ಇದ್ದಾನೆ. ಏನು ಕೆಟ್ಟಿದೆ?"

"ಹೊಸ ಕಾರ್ಡ್ ತಂದಿದೀನಿ. ಇದಕ್ಕೆ ಪೇಸ್ಟೋ ಪ್ಯಾಡೋ ನೀವೇ ನೋಡಿ. ನಾನು ಮುಟ್ಟಲ್ಲ."

"ಕೊಡಿ. ಮಂಗಳವಾರ ಬನ್ನಿ."

"ಮಂಗಳವಾರ ಅಂದ್ರೆ ಮಂಗಳವಾರವೇ," ಎಂದ ಅವನು. ಎದ್ದು ನಿಲ್ಲಲು ಅವನಿಗೆ ಎರಡು ಪ್ರಯತ್ನ ಬೇಕಾಯಿತು. ಗಿಂಕಾ ಅವನ ಬೂಟುಗಳು ಮರೆಯಾಗುವ ತನಕ ಕಾದು, ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಭುಜ ಕುಲುಕಿಸಿ ನಕ್ಕಳು. ಇಸ್ಕ್ರಾಗೆ ಅವಳು ಅಳುತ್ತಿದ್ದಾಳೇನೋ ಎನಿಸಿತು. ಎರಡೂ ಇದ್ದಿರಬಹುದು.

*

ಆ ಮೇಲೆ ಐದು ವರ್ಷ ಅಂಗಡಿ ನಡೆಯಿತು. ಕೊನೆಗೆ ಶ್ವಾಸಕೋಶ ಗಿಂಕಾಳ ಕೈಬಿಟ್ಟಿತು. ಬೆಸುಗೆಯ ಹೊಗೆ ಎಂದರು ವೈದ್ಯರು. ಕಾಯಿಲೆ ಬಿದ್ದ ಮೇಲೂ ಅವಳು ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು, ಆಮ್ಲಜನಕದ ಸಿಲಿಂಡರನ್ನು ಕುರ್ಚಿಯ ಪಕ್ಕ ನಿಲ್ಲಿಸಿಕೊಂಡು ಕಿಟಕಿ ತೆರೆಯುತ್ತಿದ್ದಳು. ಅದು ಇರುವಾಗ, ಬೆಂಕಿ ಹತ್ತುವ ಭಯಕ್ಕೆ, ಬೆಸುಗೆಯ ಕೋಲು ಕಾಯಿಸುವಂತಿರಲಿಲ್ಲ. ಬೆಸುಗೆಯ ಕೆಲಸಗಳನ್ನು ಬೇರೆಡೆಗೆ ಕಳಿಸಿ, ಪೇಸ್ಟು ಪ್ಯಾಡಿನ ಕೆಲಸ ಮಾತ್ರ ಇಟ್ಟುಕೊಂಡಳು. "ಮನೇಲಿ ಮಲಗಿ ವಿಶ್ರಾಂತಿ ತಗೋಬೇಕು," ಎಂದ ಡಾಕ್ಟರಿಗೆ, "ಸತ್ತ ಮೇಲೆ ಮಲಗೋದು ಇದ್ದೇ ಇದೆ, ಅದಕ್ಕೆ ಈಗಲೇ ಅಭ್ಯಾಸ ಯಾಕೆ?" ಎಂದಳಂತೆ.

ಕೊನೆಯ ವಾರ ಆಸ್ಪತ್ರೆಯಲ್ಲಿ ಇಸ್ಕ್ರಾ ಅವಳ ಕೈ ಹಿಡಿದು ಕೂತಿದ್ದಳು. ಐದು ವರ್ಷ ಬಾಯಿಗೆ ಬಾರದ ಮಾತು ಆಗ ಬಂತು.

"ಸಹಿ ಹಾಕು ಅಂದಿದ್ದೆ ನಾನು. ಕ್ಷಮಿಸು."

"ಅಯ್ಯೋ, ಅದಾ," ಎಂದಳು ಗಿಂಕಾ, ನಿಂತು ನಿಂತು ಉಸಿರೆಳೆಯುತ್ತ. "ನನ್ನ ಒಳ್ಳೇದಕ್ಕೆ ಅಂದೆ. ಆದ್ರೆ ಸಾಲ ಅಂತ ಇಟ್ಕೊ. ಸತ್ತ ಮೇಲೆ ನನ್ನ ನೋಟೀಸು ಬಾಗಿಲಿಗೆ ಅಂಟಿಸ್ತಾರಲ್ಲ, ಅದರಲ್ಲಿ ಆ ಪದ ತಪ್ಪಬಾರದು."

ಫೆಬ್ರವರಿಯಲ್ಲಿ ಅವಳು ಹೋದಳು. ಬೆಕ್ಕು ಈಗ ಮೂರನೆಯ ಮಹಡಿಯಲ್ಲಿದೆ. ಇಸ್ಕ್ರಾ ಬಾಗಿಲು ಹಿಡಿದು, ಬಾಲ ಪೂರ್ತಿ ಒಳಗೆ ಬರುವ ತನಕ ಕಾಯುತ್ತಾಳೆ.

ಸಾವಿನ ನೋಟೀಸು ಬರೆಸಿದವನು ಬೇರೆ ಊರಿನಿಂದ ಬಂದ ದೂರದ ಸಂಬಂಧಿ. ಅದರಲ್ಲಿ 'ನಿವೃತ್ತ ಕಾರ್ಮಿಕೆ' ಎಂದಿತ್ತು. ಅಂತ್ಯಕ್ರಿಯೆಯ ಗಡಿಬಿಡಿಯಲ್ಲಿ ಇಸ್ಕ್ರಾ ಅದನ್ನು ನೋಡಿದ್ದು ಬಾಗಿಲಿಗೆ ಅಂಟಿಸಿದ ಮೇಲೆ. ಸತ್ತ ನಲವತ್ತನೆಯ ದಿನಕ್ಕೆ ಮತ್ತೆ ಅಂಟಿಸುವ ನೋಟೀಸನ್ನು ತಾನೇ ಮಾಡಿಸಲು ಅಚ್ಚುಕೂಟಕ್ಕೆ ಹೋದಳು. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ಬರಹ ಓದಿ ನಿಲ್ಲಿಸಿದಳು.

"ಅಮ್ಮ, ಹೆಂಗಸರಿಗೆ ಹೀಗೆ ಬರೆಯೋ ವಾಡಿಕೆ ಇಲ್ಲ. ಮೇಸ್ತ್ರಿ ಅಂದ್ರೆ ಜನ ಗಂಡಸು ಅಂದ್ಕೋತಾರೆ. 'ಪ್ರೀತಿಯ ನೆರೆಯವಳು' ಅಂತ ಹಾಕಲಾ? ಎಲ್ರೂ ಅದನ್ನೇ ಹಾಕಿಸ್ತಾರೆ."

"ನಾನು ಮೂವತ್ತು ವರ್ಷ ಮಕ್ಕಳಿಗೆ ಭಾಷೆ ಕಲಿಸಿದೋಳು," ಎಂದಳು ಇಸ್ಕ್ರಾ. ಅವಳ ದನಿ ಅವಳಿಗೇ ಗಿಂಕಾಳ ದನಿಯಂತೆ ಕೇಳಿತು. "ಹೀಗೇ ಬರೀಬೇಕು. ದೊಡ್ಡಕ್ಷರದಲ್ಲಿ. ನೀನು ಬರೀದಿದ್ರೆ ಹೇಳು, ಬಣ್ಣದ ಡಬ್ಬಿ ಕೊಂಡು ನಾನೇ ಬರೀತೀನಿ."

ಹುಡುಗಿ ಬರೆದಳು.

ನಲವತ್ತನೆಯ ದಿನ ಬೇಯಿಸಿದ ಗೋಧಿಗೆ ಸಕ್ಕರೆ, ಆಕ್ರೋಟು ಬೆರೆಸಿ ಕಟ್ಟಡದ ಎಲ್ಲ ಮನೆಗಳಿಗೂ ಹಂಚಿ, ಇಸ್ಕ್ರಾ ನೋಟೀಸುಗಳನ್ನೂ ಅಂಟಿನ ಡಬ್ಬಿಯನ್ನೂ ಹಿಡಿದು ಕೆಳಗೆ ಇಳಿದಳು. ಮುಂಬಾಗಿಲಿನ ಹತ್ತಿರ ಮಿಂಚೊ ನಿಂತಿದ್ದ. ಎಂಬತ್ತು ದಾಟಿದ್ದ, ಕೈಯಲ್ಲಿ ಊರುಗೋಲು. "ಇಲ್ಲಿ ಕೊಡಿ," ಎಂದು ಒಂದು ಹಾಳೆ ತೆಗೆದುಕೊಂಡ. ಓದಿದ. ಆ ಪದದ ಮೇಲೆ ಹೆಬ್ಬೆರಳನ್ನು ಒಮ್ಮೆ ಓಡಿಸಿದ, ಬಟ್ಟೆಯ ನೇಯ್ಗೆ ನೋಡುವಂತೆ. ಆಮೇಲೆ ಬಾಗಿಲನ್ನು ಬಿಟ್ಟು, ಗೋಡೆ ಹಿಡಿದುಕೊಂಡು ಕಾಲುದಾರಿಯಲ್ಲಿ ನಡೆದ.

ಇಸ್ಕ್ರಾಗೆ ಅವನು ಎಲ್ಲಿಗೆ ಹೋಗುತ್ತಿದ್ದಾನೆಂದು ತಿಳಿಯಿತು.

"ಬೇಡ ಬಾಯ್ ಮಿಂಚೊ, ನಿಮ್ಮ ಮಂಡಿ..."

ಅವನು ಊರುಗೋಲನ್ನು ಅವಳ ಕೈಗೆ ಕೊಟ್ಟು, ಅಂಟಿನ ಡಬ್ಬಿ ತೆಗೆದುಕೊಂಡು, ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ ಮಡಚಿ, ರಟ್ಟು ಒತ್ತಿದ ಕಿಟಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಗಾಜಿನ ಧೂಳನ್ನು ಕೋಟಿನ ತೋಳಿನಿಂದ ಒರೆಸಿದ. ಅಂಟನ್ನು ಬಹಳ ತೆಳ್ಳಗೆ, ಅಂಚಿನ ತನಕ ಸವರಿ, ಹಾಳೆಯನ್ನು ನಡುವಿನಿಂದ ಹೊರಕ್ಕೆ ಒತ್ತುತ್ತ ಅಂಟಿಸಿದ. ಒಂದು ಗುಳ್ಳೆಯೂ ಉಳಿಯಲಿಲ್ಲ.

"ಇಷ್ಟು ಕೆಳಗೆ ಹಾಕಿದ್ರೆ ಯಾರಿಗೂ ಕಾಣಲ್ಲ," ಎಂದಳು ಇಸ್ಕ್ರಾ.

ಮಿಂಚೊ ಎದ್ದೇಳುವ ಆತುರ ಮಾಡಲಿಲ್ಲ.

"ಓದೋರು ಬಗ್ಗಲಿ," ಎಂದ.